ಯಾರ ಮೈಗೆ ಕೊಬ್ಬು, ಯಾರ ಮೈಗೆ ಕಳೆ

(ಕಲಬುರಗಿಯ ಮಹಿಳಾ ಪದವಿ ಕಾಲೇಜೊಂದರಲ್ಲಿ, ಆರೋಗ್ಯ ತಪಾಸಣೆ ಶಿಬಿರದ ದಿನ ವಿದ್ಯಾರ್ಥಿನಿಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಾನು ಬರುವಾಗ ವರಾಂಡದಲ್ಲಿ ತೂಕದ ಮಷಿನ್ ಮುಂದೆ ಸಾಲು ಹಚ್ಚಿದ್ದಿರಿ. ಒಬ್ಬ ಹುಡುಗಿ ಚಪ್ಪಲಿ ಬಿಟ್ಟಳು, ಮೊಬೈಲ್ ಗೆಳತಿಯ ಕೈಗೆ ಕೊಟ್ಟಳು, ಕೊನೆಗೆ ಕೊರಳಲ್ಲಿದ್ದ ಐಡಿ ಕಾರ್ಡನ್ನೂ ತೆಗೆದಳು. ಐಡಿ ಕಾರ್ಡಿನ ತೂಕ ಎಷ್ಟಿರುತ್ತದೆ ಹೇಳ್ರಿ! ಬರೆದುಕೊಳ್ಳುವವರು ದೂರದ ಮೇಜಿನಲ್ಲಿ ಕೂತಿದ್ದರು, ಹಾಗಾಗಿ ಮಷಿನ್ ಹತ್ತಿರ ನಿಂತವರು ಕೂಗಿಯೇ ಹೇಳಿದರು: "82!" ಸಾಲಿನಲ್ಲಿ ಕಿಸಿಕಿಸಿ ನಗು. ಅವಳ ಹಿಂದೆ ಹತ್ತಿದವಳದು 36. ಆಗಲೂ ನಗು. "ಫ್ಯಾನ್ ಕೆಳಗ ನಿಂದ್ರಬ್ಯಾಡ ಲೇ, ಹಾರಿ ಹೋಗ್ತಿ." ಇಬ್ಬರೂ ಎಲ್ಲರ ಜೊತೆ ನಕ್ಕರು. ನಗದೆ ಏನು ಮಾಡಿಯಾರು? ನಿಮ್ಮ ವಯಸ್ಸಿನಲ್ಲಿ ನಾನಂತೂ ಎಲ್ಲರಿಗಿಂತ ಮೊದಲು ನಕ್ಕುಬಿಡುತ್ತಿದ್ದೆ. ಮೊದಲು ನಾವೇ ನಕ್ಕರೆ ಆಮೇಲಿನ ನಗು ಅಷ್ಟು ಚುಚ್ಚುವುದಿಲ್ಲ ಅನ್ನುವ ಲೆಕ್ಕ.

ನನಗೆ ಕೊಟ್ಟ ವಿಷಯ "ನಮ್ಮ ದೇಹವನ್ನು ನಾವು ಒಪ್ಪಿಕೊಳ್ಳುವುದು". ಕನ್ನಡಿ ಮುಂದೆ ನಿಂತು ಏನು ಹೇಳಿಕೊಳ್ಳಬೇಕು ಅಂತ ನಾನು ಕಲಿಸುತ್ತೇನೆ ಅಂದುಕೊಂಡು ಬಂದಿದ್ದರೆ ನಿಮಗೆ ನಿರಾಶೆಯಾದೀತು. ನನಗೆ ಹೇಳಲಿಕ್ಕಿರುವುದು ಬೇರೆ. ತಕ್ಕಡಿಯಲ್ಲಿ ಒಂದೇ ತೂಕ ಬಂದ ಇಬ್ಬರ ಬಗ್ಗೆ ಊರು ಒಂದೇ ಮಾತು ಆಡುವುದಿಲ್ಲ. ಯಾವ ಓಣಿಯವರು, ಯಾವ ಬಣ್ಣದವರು, ಯಾರ ಮನೆಯವರು ಅನ್ನುವುದನ್ನು ನೋಡಿಕೊಂಡೇ ಬಾಯಿಂದ ಮಾತು ಬರುತ್ತದೆ.

ದಪ್ಪಗಿದ್ದವರಿಗೆ ನಮ್ಮ ಕಡೆ ಏನೇನು ಅಂತಾರೆ, ನೀವೇ ಹೇಳ್ರಿ. ಡುಮ್ಮಿ. ಆನಿ. ಡ್ರಮ್ಮು. ಹಂಡೆ. ಹಿಂದಿನ ಬೆಂಚಿನಿಂದ ಒಬ್ಬರು ಮೆಲ್ಲಗೆ ಒಂದು ಮಾತು ಅಂದಿರಿ, ನಾನು ಕಾಯುತ್ತಿದ್ದದ್ದು ಅದನ್ನೇ: ಕೊಬ್ಬು. ಈ ಪದ ಎಷ್ಟು ಜಾಣ ಇದೆ ನೋಡ್ರಿ. ಮೈಯೊಳಗಿನ ಮೇದಸ್ಸೂ ಕೊಬ್ಬು, ತಲೆಗೇರಿದ ಸೊಕ್ಕೂ ಕೊಬ್ಬು. "ಭಾಳ ಕೊಬ್ಬು ಬಂದದ ಅವನಿಗಿ" ಅಂದರೆ ಅವನನ್ನು ತೂಕ ಮಾಡಲು ಯಾರೂ ಹೋಗುವುದಿಲ್ಲ. "ಕೊಬ್ಬು ಇಳಸ್ತೀನಿ" ಅನ್ನುವ ಮಾತು ಜಿಮ್ಮಿನ ಬೋರ್ಡಿನ ಮೇಲಿದ್ದರೆ ಜಾಹೀರಾತು, ಊರ ಕಟ್ಟೆಯ ಮೇಲಿಂದ ಬಂದರೆ ಬೆದರಿಕೆ. ಆ ಬೆದರಿಕೆ ಮೇಲಿನವರ ಕಡೆಗೆ ಹೋದದ್ದನ್ನು ನಾನು ಕೇಳಿಲ್ಲ. ಅದು ಯಾವಾಗಲೂ ಕೆಳಕ್ಕೇ ಇಳಿಯುತ್ತದೆ.

ನಮ್ಮೂರು ಯಾದಗಿರಿ ಜಿಲ್ಲೆಯ ಸುರಪುರದ ಕಡೆಯ ಹಳ್ಳಿ. ಊರ ಗೌಡರು ಕಟ್ಟೆಯ ಮೇಲೆ ಕೂತರೆ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಉಳಿಯುತ್ತಿರಲಿಲ್ಲ. ಅವರ ಬಗ್ಗೆ ಊರು ಆಡುತ್ತಿದ್ದದ್ದು, "ಮೈಕೈ ತುಂಬಿಕೊಂಡಾರ", "ಉಂಡ ಮನಿತನ, ಮುಖದಾಗ ಕಳೆ ಅದ". ಗಂಜ್‌ನಲ್ಲಿ ಅಡತಿ ಅಂಗಡಿ ಇಟ್ಟಿದ್ದ ಅವರ ಬೀಗರಿಗೆ ದಖನಿಯಲ್ಲಿ "ಖಾತೆ ಪೀತೆ ಘರ್ ಕೆ" ಅನ್ನುತ್ತಿದ್ದರು. ತಿಂದುಂಡ ಮನೆಯವರು. ಅದು ಹೊಗಳಿಕೆ.

ಈಗ ನಮ್ಮ ಚಿಗವ್ವನ ಕಥೆ ಕೇಳ್ರಿ. ಶಾಲೆಯ ಬಿಸಿಯೂಟ, ಅಕ್ಷರ ದಾಸೋಹ, 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಈ ಕಡೆಯ ಜಿಲ್ಲೆಗಳಲ್ಲೇ. ನಮ್ಮ ಕೇರಿಯಿಂದ ಚಿಗವ್ವ ಅಡುಗೆ ಸಹಾಯಕಿಯಾಗಿ ಸೇರಿದಳು. ಅಲ್ಲಿಯವರೆಗೆ ಹತ್ತಿ ಬಿಡಿಸಲು, ತೊಗರಿ ಕೊಯ್ಯಲು ದಿನಾ ನಾಲ್ಕೈದು ಮೈಲಿ ನಡೆಯುತ್ತಿದ್ದವಳು ಈಗ ದಿನವೆಲ್ಲ ಒಲೆ ಮುಂದೆ ಕೂತಳು. ಜೊತೆಗೆ ಮಕ್ಕಳಾಗದ ಹಾಗೆ ಆಪರೇಷನ್ ಆಗಿತ್ತು. ಎರಡು ಮೂರು ವರ್ಷದಲ್ಲಿ ಮೈ ಬಂತು. ಊರು ಮಾತಾಡಲು ತಡ ಮಾಡಲಿಲ್ಲ: "ಸಾಲಿ ಅಕ್ಕಿ ತಿಂದು ಕೊಬ್ಬ್ಯಾಳ."

ಒಂದು ಮಗುವಿಗೆ 100 ಗ್ರಾಂ ಅಕ್ಕಿಯ ಲೆಕ್ಕ. ಹೆಡ್‌ಮಾಸ್ತರು ಒಂದು ವಾರ ತಾವೇ ಮುಂದೆ ನಿಂತು ಅಳೆದರು, ಹಾಜರಿ ನೋಡಿದರು, ಸ್ಟಾಕ್ ರಿಜಿಸ್ಟರ್ ನೋಡಿದರು. ಎಲ್ಲ ತಾಳೆಯಾಯಿತು. ಊರಿನ ಬಾಯಿ ಮಾತ್ರ ಮುಚ್ಚಲಿಲ್ಲ. ಆಮೇಲೆ ಚಿಗವ್ವ ಒಂದು ರೂಢಿ ಮಾಡಿಕೊಂಡಳು. ಮನೆಯಿಂದ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗುವುದು, ಮಧ್ಯಾಹ್ನ ಮಕ್ಕಳದೆಲ್ಲ ಊಟ ಆದಮೇಲೆ ಶಾಲೆಯ ಗೇಟಿನ ಹತ್ತಿರ, ರಸ್ತೆಗೆ ಕಾಣುವ ಹಾಗೆ ಕೂತು ಗಂಟು ಬಿಚ್ಚಿ ಉಣ್ಣುವುದು. ನಾಲ್ಕು ಮಂದಿ ನೋಡಲಿ ಅಂತ. ಬಿಸಿ ಅನ್ನದ ಹಂಡೆ ಒಳಗೆ, ತಣ್ಣನೆ ರೊಟ್ಟಿ ಹೊರಗೆ. ಅದೇ ಊರಲ್ಲಿ ಕೆಲವು ಮನೆಯ ಮಕ್ಕಳು ಅವಳು ಬೇಯಿಸಿದ್ದನ್ನು ಉಣ್ಣುತ್ತಿರಲಿಲ್ಲ, ಡಬ್ಬಿ ತರುತ್ತಿದ್ದರು. ಅವಳ ಕೈ ತಾಗಿದ್ದು ಅವರಿಗೆ ಮೈಲಿಗೆ, ಅದನ್ನೇ ಅವಳು ತಿಂದರೆ ಕಳವು.

ಗೌಡರ ಹೆಂಡತಿಯೂ ಚಿಗವ್ವನೂ ಹೆಚ್ಚುಕಡಿಮೆ ಒಂದೇ ಗಾತ್ರ ಇದ್ದರು. ನಾನು ಚಿಕ್ಕವಳಿದ್ದಾಗಲೇ ಇದು ನನ್ನ ಕಣ್ಣಿಗೆ ಬಿದ್ದಿತ್ತು. ಅದಕ್ಕೆ ಏನು ಹೆಸರು ಅಂತ ಮಾತ್ರ ಗೊತ್ತಿರಲಿಲ್ಲ.

ಹೆಸರು ಸಿಕ್ಕಿದ್ದು ಬಹಳ ದೂರದಲ್ಲಿ. ಸಾರಾ ಬಾರ್ಟ್‌ಮನ್ ಅಂತ ಒಬ್ಬ ಹೆಣ್ಣುಮಗಳು, ದಕ್ಷಿಣ ಆಫ್ರಿಕಾದ ಖೋಯ್‌ಖೋಯ್ ಜನದವಳು. 1810ರಲ್ಲಿ ಅವಳನ್ನು ಲಂಡನ್ನಿಗೆ ಕರೆದೊಯ್ದು ಟಿಕೆಟ್ ಹಚ್ಚಿ ತೋರಿಸಿದರು. ನಮ್ಮ ಜಾತ್ರೆಯಲ್ಲಿ ಎರಡು ತಲೆ ಕರು ತೋರಿಸುತ್ತಾರಲ್ಲ, ಹಾಗೆ. ಜನ ದುಡ್ಡು ಕೊಟ್ಟು ನೋಡಿದ್ದು ಅವಳ ದಪ್ಪ ನಿತಂಬವನ್ನು. 1815ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತಳು, ಇನ್ನೂ 30 ದಾಟಿರಲಿಲ್ಲ ಅಂತಾರೆ. ಸತ್ತಮೇಲೂ ಬಿಡಲಿಲ್ಲ. ಕುವಿಯೆ ಎಂಬ ದೊಡ್ಡ ವಿಜ್ಞಾನಿ ಅವಳ ದೇಹ ಕೊಯ್ದು, ಅಳತೆ ತೆಗೆದು ಬರೆದ. ಅಸ್ಥಿಪಂಜರ, ಮೈಯ ಅಚ್ಚು ಎರಡನ್ನೂ ಮ್ಯೂಸಿಯಮ್ಮಿನಲ್ಲಿ 1970ರ ದಶಕದವರೆಗೆ ಜನರಿಗೆ ತೋರಿಸುತ್ತಿದ್ದರು. 1994ರಲ್ಲಿ ನೆಲ್ಸನ್ ಮಂಡೇಲಾ ವಾಪಸ್ ಕೇಳಿದರು. ತಾಯ್ನೆಲದ ಮಣ್ಣಿಗೆ ಅವಳು ಸೇರಿದ್ದು 2002ರ ಆಗಸ್ಟ್ 9ರಂದು. ಚಿಗವ್ವ ಗೇಟಿನ ಹತ್ತಿರ ರೊಟ್ಟಿ ಬಿಚ್ಚುವುದಕ್ಕೂ ಇದಕ್ಕೂ ಅಂತಹ ಅಂತರ ಏನಿಲ್ಲ, ಹೆಚ್ಚುಕಡಿಮೆ ಅದೇ ಕಾಲ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಸಬ್ರಿನಾ ಸ್ಟ್ರಿಂಗ್ಸ್ 2019ರಲ್ಲಿ ಒಂದು ವಾದ ಮುಂದಿಟ್ಟರು. ದಪ್ಪ ಮೈಯ ಬಗ್ಗೆ ಪಶ್ಚಿಮದವರಿಗೆ ಹೇಸಿಗೆ ಹುಟ್ಟಿದ್ದು ಡಾಕ್ಟರರಿಂದಲ್ಲ, ಅದಕ್ಕಿಂತ ಬಹಳ ಮೊದಲು, ಗುಲಾಮರ ವ್ಯಾಪಾರದ ಕಾಲದಲ್ಲಿ ಅಂತ. ಆಫ್ರಿಕಾದವರು ಹೊಟ್ಟೆಬಾಕರು, ನಾಲಿಗೆಗೆ ಲಗಾಮಿಲ್ಲದವರು, ಸೋಮಾರಿಗಳು ಎಂದು ಬರೆದರು. ಬಿಳಿಯರ ತೆಳು ಮೈ ಸಂಯಮದ ಗುರುತಾಯಿತು. ಬಿಪಿ, ಸಕ್ಕರೆ ಕಾಯಿಲೆಯ ಮಾತು ಆಮೇಲೆ ಬಂದು ಸೇರಿಕೊಂಡಿತು. ನಾನು ಇದನ್ನು ಓದುತ್ತಿದ್ದಾಗ ತಲೆಯಲ್ಲಿ ಓಡುತ್ತಿದ್ದ ವಾಕ್ಯ ಒಂದೇ, "ಸಾಲಿ ಅಕ್ಕಿ ತಿಂದು ಕೊಬ್ಬ್ಯಾಳ."

ಇಲ್ಲಿ ಒಂದು ಸಣ್ಣ ಅಡ್ಡದಾರಿ ಹಿಡಿಯುತ್ತೇನೆ. ಆಫ್ರಿಕಾ ಅಂದಾಗ ನಿಮಗೆ ದೂರದ ದೇಶ ಅನ್ನಿಸುತ್ತದೆ. ಬೀದರದವರು ಯಾರಿದ್ದೀರಿ? ಕೈ ಎತ್ತಿ. ಹಬಶಿ ಕೋಟ್ ನೋಡಿದ್ದೀರಾ? ಆ ದಿಬ್ಬದ ಮೇಲಿರುವ ಗೋರಿಗಳು ಇಥಿಯೋಪಿಯಾ ಕಡೆಯಿಂದ ಬಂದ ಹಬಶಿ ಸರದಾರರವು. 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯಕ್ಕೆ ಮೊದಲು ನಮ್ಮ ಕಲಬುರಗಿಯೇ ರಾಜಧಾನಿ, ಆಮೇಲೆ ಅದು ಬೀದರಕ್ಕೆ ಹೋಯಿತು. ಆ ದರ್ಬಾರಿನಲ್ಲಿ ಹಬಶಿಗಳು ಸೇನೆ ನಡೆಸಿದರು, ಸುಭೆ ಆಳಿದರು. ಅಹ್ಮದನಗರದ ಮಲಿಕ್ ಅಂಬರ್ ಗುಲಾಮನಾಗಿ ಬಂದು ಮೊಗಲರನ್ನು ವರ್ಷಗಟ್ಟಲೆ ದಖನ್ನಿನ ಹೊಸ್ತಿಲಲ್ಲೇ ತಡೆದು ನಿಲ್ಲಿಸಿದ. ಸಿಟ್ಟು ತಡೆಯದ ಜಹಾಂಗೀರ್ ಏನು ಮಾಡಿದ ಗೊತ್ತೇ? ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುತ್ತಿರುವ ಚಿತ್ರ ಬರೆಸಿಕೊಂಡ! ನಿಜದಲ್ಲಿ ಅಂಬರ್ ಅವನ ಕೈಗೆ ಸಿಗಲೇ ಇಲ್ಲ, 1626ರಲ್ಲಿ ಮುಪ್ಪಿನಲ್ಲಿ ತೀರಿಕೊಂಡ. ತನ್ನ ಆತ್ಮಕಥೆಯಲ್ಲೂ ಜಹಾಂಗೀರ್ ಅವನನ್ನು "ಕರಿಮುಖದವ" ಎಂದು ಬೈದ. ಕತ್ತಿಯಲ್ಲಿ ಸೋಲಿಸಲಾಗದವನನ್ನು ಬಣ್ಣ ಹಿಡಿದು ಬೈಯುವುದು. ಓಣಿಯ ಜಗಳದಲ್ಲಿ ನಾವು ಮಾಡುವುದೂ ಅದೇ ಅಲ್ಲವೇ?

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಲ್ಲಿನ ಜನಾಂಗಭೇದ, ಇಲ್ಲಿನ ಜಾತಿ ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಜಾತಿಯನ್ನು ಜನಾಂಗದ ಲೆಕ್ಕದಲ್ಲಿ ವಿವರಿಸುವುದನ್ನು ಅಂಬೇಡ್ಕರ್ ಅವರೇ ಒಪ್ಪಲಿಲ್ಲ. ನಮ್ಮ ಮೇಲ್ಜಾತಿಯಲ್ಲೂ ಕಪ್ಪಗಿದ್ದವರಿದ್ದಾರೆ, ಕೇರಿಯಲ್ಲೂ ಕೆಂಪಗಿದ್ದವರಿದ್ದಾರೆ. 2001ರಲ್ಲಿ ಡರ್ಬನ್ನಿನಲ್ಲಿ ಜನಾಂಗಭೇದದ ವಿರುದ್ಧ ವಿಶ್ವಸಮ್ಮೇಳನ ನಡೆದಾಗ ಜಾತಿಯನ್ನೂ ಸೇರಿಸಬೇಕೋ ಬೇಡವೋ ಅಂತ ದೊಡ್ಡ ಜಗಳವೇ ಆಯಿತು, ಭಾರತ ಸರ್ಕಾರ ಬೇಡ ಅಂದಿತು. ಆ ಚರ್ಚೆ ಇನ್ನೊಂದು ದಿನಕ್ಕಿರಲಿ. ನಾನು ನೋಡುತ್ತಿರುವುದು ಇಷ್ಟು: ಎರಡೂ ಕಡೆ ಮೈಯ ತೂಕವನ್ನು ಹಿಡಿದು ಮನುಷ್ಯನ ಗುಣ ಹೇಳುತ್ತಾರೆ, ಕೆಳಗಿನವರಿಗೆ ಮಾತ್ರ ಕೆಟ್ಟ ಗುಣ ಹೇಳುತ್ತಾರೆ.

ಇಂತಹ ಭೇದ ಎರಡು ಕಡೆಯಿಂದ ಸೇರಿ ಬಂದಾಗ ಏನಾಗುತ್ತದೆ? ಅಮೆರಿಕದ ಸೇಂಟ್ ಲೂಯಿ ಊರಿನ ಒಂದು ಮೊಕದ್ದಮೆ ಇದೆ, ನನ್ನ ಕ್ಲಾಸಿನಲ್ಲಿ ತಪ್ಪದೆ ಹೇಳುತ್ತೇನೆ. ಜನರಲ್ ಮೋಟರ್ಸ್ ಕಾರ್ಖಾನೆ ಮೇಲೆ ಐವರು ಕಪ್ಪು ಹೆಂಗಸರು ದಾವೆ ಹೂಡಿದರು. ಕಂಪನಿ 1964ಕ್ಕೆ ಮೊದಲು ಕಪ್ಪು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡೇ ಇರಲಿಲ್ಲ. ಆಮೇಲೆ ತೆಗೆದುಕೊಂಡಿತು. ಕೆಲಸ ಕಡಿತ ಬಂದಾಗ ಕೊನೆಗೆ ಸೇರಿದವರನ್ನು ಮೊದಲು ತೆಗೆಯುವುದು ನಿಯಮ. ಅಂದರೆ ಹೋದವರು ಇವರೇ. ಕಂಪನಿ ಹೇಳಿತು: ನಾವು ಹೆಂಗಸರಿಗೆ ಅನ್ಯಾಯ ಮಾಡಿಲ್ಲ, ಆಫೀಸಿನಲ್ಲಿ ಹೆಂಗಸರು ಇದ್ದಾರೆ ನೋಡಿ. ಇದ್ದವರು ಬಿಳಿಯರು. ಕಪ್ಪು ಜನರಿಗೂ ಅನ್ಯಾಯವಿಲ್ಲ, ಕಾರ್ಖಾನೆಯೊಳಗೆ ಕಪ್ಪು ಜನ ಇದ್ದಾರೆ. ಇದ್ದವರು ಗಂಡಸರು. 1976ರಲ್ಲಿ ಕೋರ್ಟು, ಹೆಣ್ಣು ಅಂತ ಬೇಕಾದರೆ ಕೇಳಿ, ಕಪ್ಪು ಅಂತ ಬೇಕಾದರೆ ಕೇಳಿ, ಎರಡನ್ನೂ ಕೂಡಿಸಿ ಕೇಳುವ ಹಾಗಿಲ್ಲ ಎಂದಿತು. 1989ರಲ್ಲಿ ಕಿಂಬರ್ಲೆ ಕ್ರೆನ್ಶಾ ಎಂಬ ಕಾನೂನು ಪ್ರಾಧ್ಯಾಪಕಿ ಎರಡು ಮೂರು ಭೇದ ಒಬ್ಬರ ಮೇಲೆ ಒಟ್ಟಿಗೇ ಬೀಳುವುದಕ್ಕೆ ಇಂಟರ್‌ಸೆಕ್ಷನಾಲಿಟಿ ಎಂಬ ಪದ ಹುಟ್ಟಿಸಿದಾಗ ಈ ಮೊಕದ್ದಮೆಯನ್ನೂ ಮುಂದಿಟ್ಟುಕೊಂಡು ಬರೆದರು. ಕನ್ನಡದಲ್ಲಿ ಏನೇನೋ ಪಾರಿಭಾಷಿಕ ಪದ ಮಾಡಿದ್ದಾರೆ, ನನಗೆ ಯಾವುದೂ ಸೇರಿಲ್ಲ. ಜಗತ್ ಸರ್ಕಲ್ಲಿನ ನಡುವೆ ನಿಂತರೆ ಎಲ್ಲ ಕಡೆಯಿಂದ ಗಾಡಿ ಬರುತ್ತವಲ್ಲ, ಹಾಗೆ ಅಂತ ಹೇಳಿದರೆ ಹುಡುಗಿಯರಿಗೆ ತಟ್ಟನೆ ತಿಳಿಯುತ್ತದೆ.

ಆ ಪದ ಹುಟ್ಟುವ ಎಷ್ಟೋ ಮೊದಲು, 1972ರಲ್ಲಿ, ಜಾನಿ ಟಿಲ್‌ಮನ್ ಎಂಬಾಕೆ ಇದನ್ನೇ ಹೇಳಿದ್ದರು. ಬಡ ತಾಯಂದಿರ ಸರ್ಕಾರಿ ಸಹಾಯಧನದ ಹಕ್ಕಿಗಾಗಿ ಹೋರಾಡಿದ ನಾಯಕಿ. ಒಂದು ಪತ್ರಿಕೆಯಲ್ಲಿ ಹೀಗೆ ಬರೆದರು: ನಾನು ಹೆಂಗಸು, ಕಪ್ಪು ಹೆಂಗಸು, ಬಡ ಹೆಂಗಸು, ದಪ್ಪ ಹೆಂಗಸು, ನಡುವಯಸ್ಸಿನವಳು, ಸಹಾಯಧನದ ಮೇಲೆ ಬದುಕುವವಳು. ಈ ದೇಶದಲ್ಲಿ ಇದರಲ್ಲಿ ಒಂದಾಗಿದ್ದರೂ ಮನುಷ್ಯರಾಗಿ ಬೆಲೆ ಕಡಿಮೆ, ಎಲ್ಲವೂ ಆಗಿದ್ದರೆ ಲೆಕ್ಕಕ್ಕೇ ಇಲ್ಲ. ಆ ಪಟ್ಟಿಯಲ್ಲಿ "ದಪ್ಪ" ಇರುವುದನ್ನು ಗಮನಿಸ್ರಿ. ದಪ್ಪಗಿರುವವರ ಹಕ್ಕಿಗೆಂದು ನ್ಯೂಯಾರ್ಕಿನಲ್ಲಿ ಸಂಘ ಕಟ್ಟಿದ್ದು 1969ರಲ್ಲಿ, ಕಟ್ಟಿದವರು ಹೆಚ್ಚಿನವರು ಬಿಳಿಯರು. ಅವರದ್ದು ದೊಡ್ಡ ಕೆಲಸವೇ, ಇಲ್ಲ ಅನ್ನುವುದಿಲ್ಲ. ಆದರೆ ಬಡತನ, ಬಣ್ಣ, ತೂಕ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ತಂದದ್ದು ಟಿಲ್‌ಮನ್.

ಈಗ ನಿಮ್ಮಲ್ಲಿ ಕೆಲವರಿಗೆ ಬಂದಿರುವ ಪ್ರಶ್ನೆ ನನಗೆ ಗೊತ್ತು. ಮೇಡಂ, ದಪ್ಪ ಆದರೆ ಕಾಯಿಲೆ ಬರುವುದಿಲ್ಲವೇ? ಬರುತ್ತದೆ. ನಮ್ಮ ಮನೆಯಲ್ಲಿ ಮೂವರಿಗೆ ಸಕ್ಕರೆ ಕಾಯಿಲೆ ಇದೆ, ನಾನು ಮುಚ್ಚಿಟ್ಟುಕೊಂಡು ಮಾತಾಡುವುದಿಲ್ಲ. ಆದರೆ ಹೊರಗೆ ನಿಮ್ಮ ಚೀಟಿಯ ಮೇಲೆ ಬರೆಯುತ್ತಿರುವ ಬಿಎಂಐ ಎಂಬ ಅಂಕಿಯ ಹುಟ್ಟು ಕೇಳ್ರಿ. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕ ಮಾಡಿದ್ದು 1830ರ ದಶಕದಲ್ಲಿ, ಬೆಲ್ಜಿಯಂನ ಕ್ವೆಟಲೆ. ಅವನು ಡಾಕ್ಟರನಲ್ಲ, ನಕ್ಷತ್ರ ನೋಡುವವನು, ಅಂಕಿಸಂಖ್ಯೆಯವನು. ಯುರೋಪಿನ ಜನರ ಅಳತೆ ಹಿಡಿದು "ಸರಾಸರಿ ಮನುಷ್ಯ" ಹೇಗಿರುತ್ತಾನೆ ಅಂತ ಹುಡುಕುತ್ತಿದ್ದ. ಅದಕ್ಕೆ ಬಿಎಂಐ ಎಂಬ ಹೆಸರಿಟ್ಟದ್ದು 1972ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್, ಏಳು ಸಾವಿರಕ್ಕೂ ಹೆಚ್ಚು ಗಂಡಸರನ್ನು ಅಳೆದು. ಹೆಂಗಸರನ್ನು ಅಳೆದಿರಲಿಲ್ಲ.

ಐದು ಅಡಿಗೆ ಒಂಚೂರು ಕಡಿಮೆ, 150 ಸೆಂಟಿಮೀಟರ್ ಎತ್ತರದ, 60 ಕಿಲೋ ತೂಕದ ಹುಡುಗಿ ಅಂತ ಇಟ್ಟುಕೊಳ್ಳಿ. ಅವಳ ಅಂಕಿ 26.7. ಅಮೆರಿಕದಲ್ಲಿ 1998ಕ್ಕೆ ಮೊದಲು ಅವಳು ಸರಿಯಾಗಿದ್ದಳು, ಹೆಚ್ಚು ತೂಕ ಅನ್ನಲು ಹೆಂಗಸರಿಗೆ ಹಾಕಿದ್ದ ಗೆರೆ 27.3 ಇತ್ತು. ಆ ವರ್ಷ ಗೆರೆಯನ್ನು 25ಕ್ಕೆ ಇಳಿಸಿದರು, ರಾತ್ರಿ ಸಾಮಾನ್ಯವಾಗಿ ಮಲಗಿದ ಕೋಟ್ಯಂತರ ಜನ ಬೆಳಗ್ಗೆ ದಪ್ಪಗಾಗಿ ಎದ್ದರು. ಅದೇ ಹುಡುಗಿ ಕಲಬುರಗಿಗೆ ಬಂದರೆ ಬೊಜ್ಜಿನವಳು, ಏಕೆಂದರೆ ನಮ್ಮ ದೇಶದ ತಜ್ಞರು 2009ರಲ್ಲಿ 23 ದಾಟಿದರೆ ಹೆಚ್ಚು ತೂಕ, 25ರಿಂದ ಬೊಜ್ಜು ಎಂದು ಗೆರೆ ಹಾಕಿದರು. ಅದಕ್ಕೆ ಕಾರಣ ಇದೆ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ ಇಬ್ಬರೂ ಜೊತೆಗೆ ನಿಂತು ತೆಗೆಸಿಕೊಂಡ ಫೋಟೋ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐಯೂ 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ 21.2. ತೆಳ್ಳಗೆ ಕಾಣುವ ಭಾರತೀಯನ ಒಳಗೇ ಕೊಬ್ಬು ಕೂತಿರುತ್ತದೆ ಅಂತಾಯಿತು. ಈ ಫೋಟೋ ನನಗೆ ಬಹಳ ಇಷ್ಟ. ಯಾರನ್ನು ನೋಡಿ ನಗಬೇಕು ಅನ್ನುವುದೇ ಗೊತ್ತಾಗದ ಹಾಗೆ ಮಾಡುತ್ತದೆ. ಹೊರಗೆ 36 ಕಿಲೋ ತೂಗಿದ ಹುಡುಗಿಯನ್ನು ಮಷಿನ್ನಿನಿಂದ ಇಳಿಸಿ ಸುಮ್ಮನೆ ಕಳಿಸಿದರು. ಅವಳಿಗೂ ರಕ್ತ ತಪಾಸಣೆ ಬೇಕು.

ರಕ್ತದ ಮಾತು ಬಂದಾಗ ನನ್ನದೇ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಎರಡನೇ ಮಹಡಿಯ ಕ್ಲಾಸಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ. ಒಂದು ದವಾಖಾನೆಗೆ ಹೋದೆ. ಡಾಕ್ಟರು ಒಮ್ಮೆ ತಲೆಯೆತ್ತಿ ನೋಡಿದರು. "ವೇಟ್ ಕಮ್ಮಿ ಮಾಡ್ರಿ, ಅನ್ನ ಬಿಡ್ರಿ, ವಾಕಿಂಗ್ ಮಾಡ್ರಿ." ಆಯಿತು. ನಮ್ಮ ಊರಿನ ಮೇ ತಿಂಗಳು ಗೊತ್ತಲ್ಲ, ಬೆಳಗ್ಗೆ ಐದೂವರೆಗೇ ಎದ್ದು ನಡೆದೆ. ಎರಡು ಸಲ ತಲೆ ಸುತ್ತಿ ಫುಟ್‌ಪಾತಿನಲ್ಲಿ ಕೂತೆ. ಆ ದಿನಗಳಲ್ಲಿ ಇನ್ನೊಂದು ಚಟ ಅಂಟಿಕೊಂಡಿತ್ತು, ಹಸಿ ಅಕ್ಕಿ ತಿನ್ನುವುದು. ಡಬ್ಬಿಯಿಂದ ಮುಷ್ಟಿ ತೆಗೆದು ಯಾರಿಗೂ ಕಾಣದ ಹಾಗೆ ಅಗಿಯುತ್ತಿದ್ದೆ. ಡಾಕ್ಟರಿಗೆ ಹೇಳಲಿಲ್ಲ. ಹೇಗೆ ಹೇಳಲಿ? "ಅಕ್ಕಿ ತಿಂದು ಕೊಬ್ಬ್ಯಾಳ" ಎಂಬ ಮಾತು ಕೇಳಿ ಬೆಳೆದವಳು ನಾನು. ಮೂರು ತಿಂಗಳ ಮೇಲೆ ತಂಗಿ ಕೈ ಹಿಡಿದು ಲ್ಯಾಬಿಗೆ ಕರೆದೊಯ್ದಳು. 12 ಇರಬೇಕಾದ ಹಿಮೋಗ್ಲೋಬಿನ್ 6.8 ಇತ್ತು. ಗರ್ಭಕೋಶದಲ್ಲಿ ಗಡ್ಡೆ, ತಿಂಗಳು ತಿಂಗಳು ರಕ್ತ ಹೋಗುತ್ತಿತ್ತು. ಹಸಿ ಅಕ್ಕಿ, ಮಣ್ಣು, ಸುಣ್ಣ ತಿನ್ನಬೇಕು ಅನ್ನಿಸುವುದು ಕಬ್ಬಿಣಾಂಶ ಕಡಿಮೆಯಾದ ಗುರುತು ಅಂತ ಆಗ ತಿಳಿಯಿತು. ನಾನು ತೆಳ್ಳಗಿದ್ದಿದ್ದರೆ ಮೊದಲ ದಿನವೇ ರಕ್ತಕ್ಕೆ ಬರೆಯುತ್ತಿದ್ದರು. 2019-20ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ರಕ್ತಹೀನತೆ, ನೂರಕ್ಕೆ 30 ಜನಕ್ಕೆ ಹೆಚ್ಚು ತೂಕ. ಎರಡೂ ಇರುವವರು ಎಷ್ಟೋ ಮಂದಿ ಇರಲೇಬೇಕಲ್ಲ!

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪಾಸ್‌ಪೋರ್ಟ್ ಫೋಟೋಕ್ಕೆ ಸ್ಟುಡಿಯೋಕ್ಕೆ ಹೋದರೆ ಕೇಳದೆಯೇ ಮುಖ ಬೆಳ್ಳಗೆ ಮಾಡಿ ಕೊಡುತ್ತಾರೆ. ನನ್ನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿರುವವಳು ಯಾರೋ ನನ್ನ ಕೆಂಪನೆಯ ಅಕ್ಕ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ, ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಕೊಲೆಯಾದ ಮೇಲೆ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾಯಿತು, ಟ್ಯೂಬು ಕನ್ನಡಿಯ ಮುಂದೆ ಅಲ್ಲೇ ಇದೆ. ಸನ್ಮಾನಕ್ಕೆ ಬಿದರಿ ಹೂದಾನಿ ಕೊಟ್ಟು, ಬೀದರ ಕೋಟೆಯ ಮಣ್ಣಿನಿಂದ ಬಂದ ಈ ಕಪ್ಪು ಎಷ್ಟು ಚೆಂದ, ಬೆಳ್ಳಿ ಎದ್ದು ಕಾಣುವುದೇ ಅದರಿಂದ ಎಂದು ಭಾಷಣ ಮಾಡಿದವರೇ ಮಗನಿಗೆ ಕೆಂಪನೆ ಹುಡುಗಿ ಹುಡುಕುತ್ತಾರೆ. ಕನ್ಯಾ ನೋಡಲು ಬಂದವರು ಕಪ್ಪು ಇದ್ದರೆ "ನೋಡೋಣ" ಅಂತಾರೆ, ದಪ್ಪ ಇದ್ದರೆ "ನೋಡೋಣ" ಅಂತಾರೆ. ಎರಡೂ ಇದ್ದರೆ ಚಹಾ ಕುಡಿದು ಬಂಗಾರದ ಮಾತು ತೆಗೆಯುತ್ತಾರೆ.

ಹಾಗಾಗಿ "ನಿನ್ನ ಮೈಯನ್ನು ನೀನು ಪ್ರೀತಿಸು" ಅನ್ನುವ ಮಾತು ನನಗೆ ಅರ್ಧವೇ ರುಚಿಸುತ್ತದೆ. ಪ್ರೀತಿಸ್ರಿ, ಬೇಡ ಅನ್ನುವುದಿಲ್ಲ. ಚಿಗವ್ವನಿಗೆ ತನ್ನ ಮೈ ಮೇಲೆ ಪ್ರೀತಿ ಕಡಿಮೆಯಾಗಿತ್ತು ಅಂತ ನನಗನಿಸುವುದಿಲ್ಲ. ಹಬ್ಬಕ್ಕೆ ಹಸಿರು ಇಳಕಲ್ ಉಟ್ಟು, ಕೈ ತುಂಬ ಬಳೆ ಹಾಕಿಕೊಂಡು ಬಾಗಿಲಲ್ಲಿ ಕೂತರೆ ಅವಳಷ್ಟು ಸೊಗಸುಗಾತಿ ಕೇರಿಯಲ್ಲಿ ಇರಲಿಲ್ಲ. ಅವಳು ಗೇಟಿನ ಹತ್ತಿರ ಕೂತು ರೊಟ್ಟಿ ತಿನ್ನಬೇಕಾಗಿ ಬಂದದ್ದು ಊರಿನಿಂದ. ಅಮೆರಿಕದ ಮಿಷಿಗನ್ ರಾಜ್ಯ 1976ರಲ್ಲೇ ಜನಾಂಗ, ಲಿಂಗದ ಜೊತೆ ತೂಕ, ಎತ್ತರವನ್ನೂ ಭೇದ ಮಾಡಬಾರದು ಎನ್ನುವ ಕಾನೂನಿನಲ್ಲಿ ಸೇರಿಸಿತು, ನ್ಯೂಯಾರ್ಕ್ ನಗರ 2023ರಲ್ಲಿ. ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವೆ. ತೂಕ ಇಲ್ಲ. ಆದರೆ ಚಿಗವ್ವನ ತೂಕದ ಬಗ್ಗೆ ಆಡಿದ ಮಾತು ನಿಜವಾಗಿ ಯಾವುದರ ಬಗ್ಗೆ ಇತ್ತು ಅಂತ ನಿಮಗೆ ಈಗ ಬಿಡಿಸಿ ಹೇಳಬೇಕಿಲ್ಲ.

ಶಿಬಿರ ನಾಲ್ಕು ಗಂಟೆಯವರೆಗೆ ಇದೆಯಂತೆ. ಬರುವಾಗ ಎರಡು ಮಾತು ಕೇಳಿಕೊಂಡು ಬಂದಿದ್ದೇನೆ. ಒಂದು, ತೂಕವನ್ನು ಕೂಗದೆ ಚೀಟಿಯಲ್ಲಿ ಬರೆದುಕೊಡಿ ಅಂತ. ಅದಕ್ಕೆ ಮೇಜನ್ನು ಮಷಿನ್ ಪಕ್ಕಕ್ಕೆ ಎಳೆದರೆ ಸಾಕು. ಇನ್ನೊಂದು ಬಿಪಿ ನೋಡುವ ಪಟ್ಟಿಯದು. ತೋಳು ದಪ್ಪ ಇದ್ದವರಿಗೆ ಸಣ್ಣ ಪಟ್ಟಿ ಬಿಗಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಇಲ್ಲದ ಬಿಪಿಗೆ ಗುಳಿಗೆ ಶುರುವಾಗುತ್ತದೆ. ದೊಡ್ಡ ಪಟ್ಟಿ ಬೇರೆ ಬರುತ್ತದೆ, ಅದನ್ನು ತಂದಿದ್ದೀರಾ ಎಂದು ಕೇಳಿದೆ. ಪೆಟ್ಟಿಗೆಯಲ್ಲಿ ಹುಡುಕಿದರು. "ಇಲ್ರಿ ಮೇಡಂ, ಕೇಳಿ ತರಸ್ತೀವಿ" ಅಂದಿದ್ದಾರೆ. ನೀವು ಹೋದಾಗ ನೀವೂ ಒಮ್ಮೆ ಕೇಳ್ರಿ.